ಕಪ್ಪು ಪರದೆಯ ಮುಂದೆ ಒಬ್ಬ ಅರ್ಜಿದಾರ

ಸರ್ಕಾರಿ ನೌಕರನಿಗೆ ನಿವೃತ್ತಿಯ ವಯಸ್ಸು ಅರವತ್ತು; ಕಂಪ್ಯೂಟರಿಗೆ ಹತ್ತೇ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿದಾಗ, ತಲಕಾಡಿನ ನಮ್ಮ ಮನೆಯ ನಡುಮನೆಯಲ್ಲಿದ್ದ ಲ್ಯಾಪ್‌ಟಾಪ್ ಕೂಡ ನಿವೃತ್ತರ ಸಾಲಿಗೆ ಸೇರಿತು. ಮಗ ಬಳಸಿ ಬಿಟ್ಟ ಯಂತ್ರ ಅದು. ಮುಂದಿನ ಆವೃತ್ತಿಯನ್ನು ಹಾಕಿಸಲು ಹೋದರೆ, ಈ ಯಂತ್ರಕ್ಕೆ ಅದಕ್ಕೆ ಬೇಕಾದ ಅರ್ಹತೆಯಿಲ್ಲವೆಂಬ ಹಿಂಬರಹ ಬಂದಿತು. ಗುಜರಿಗೆ ಹಾಕುವುದೊಂದೇ ದಾರಿ ಎಂದುಕೊಂಡಿದ್ದೆ. ದೀಪಾವಳಿಗೆ ಬಂದಿದ್ದ ಅಕ್ಕನ ಮೊಮ್ಮಗಳು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವವಳು, ಪೆನ್‌ಡ್ರೈವ್ ಒಂದನ್ನು ಚುಚ್ಚಿ ಒಂದು ಗಂಟೆಯೊಳಗೆ ಅದರಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಕೂರಿಸಿದಳು. ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಚಿತ್ರ, ಗುಂಡಿ, ಕಿಟಕಿ ಎಲ್ಲವೂ ಮೊದಲಿನಂತೆಯೇ ಇದ್ದವು. ಆದರೆ ಆಕೆ ಅಷ್ಟಕ್ಕೆ ಬಿಡಲಿಲ್ಲ. ಟರ್ಮಿನಲ್ ಎಂಬ ಕಪ್ಪು ಚೌಕವೊಂದನ್ನು ತೆರೆದು, ‘ತಾತ, ಮೂವತ್ತು ವರ್ಷ ಆರ್ಡರ್ ಪಾಸ್ ಮಾಡಿದ್ದೀರಲ್ಲ, ಇಲ್ಲೂ ಮಾಡಿ ನೋಡೋಣ’ ಎಂದಳು.

ಕಪ್ಪು ಪರದೆ. ಅದರ ಮೇಲೆ ಒಂದು ಡಾಲರ್ ಚಿಹ್ನೆ. ಪಕ್ಕದಲ್ಲಿ ಮಿಣುಕುವ ಒಂದು ಪುಟ್ಟ ಗೆರೆ. ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಏನೇನು ಮಾಡಬಹುದೆಂಬ ಪಟ್ಟಿಯನ್ನೂ ಕೊಡುವುದಿಲ್ಲ. ಸುಮ್ಮನೆ ಕಾಯುತ್ತದೆ. ನಾನು ಇಂಗ್ಲಿಷಿನಲ್ಲಿ ‘ಕಡತಗಳನ್ನು ತೋರಿಸು’ ಎಂಬರ್ಥದ ವಾಕ್ಯವೊಂದನ್ನು ಟೈಪಿಸಿದೆ. ‘ಕಮಾಂಡ್ ನಾಟ್ ಫೌಂಡ್’ ಎಂದಿತು. ಸೌಜನ್ಯದ ಪದವೊಂದನ್ನು ಸೇರಿಸಿ ಮತ್ತೆ ಕೇಳಿದೆ. ಅದೇ ಉತ್ತರ. ಆ ಕ್ಷಣದಲ್ಲಿ ನನಗೆ ಆದ ಮುಜುಗರ ಹೊಸದಾಗಿತ್ತು, ಆದರೆ ಅಪರಿಚಿತವಾಗಿರಲಿಲ್ಲ. ಅದನ್ನು ನಾನು ಬೇರೆಯವರ ಮುಖದ ಮೇಲೆ ಬಹಳ ಸಲ ಕಂಡಿದ್ದೆ. ತಾಲ್ಲೂಕು ಕಚೇರಿಯ ಕೌಂಟರಿನ ಆಚೆ ಬದಿಯಲ್ಲಿ ಕೈಯಲ್ಲಿ ಮಡಿಚಿದ ಕಾಗದ ಹಿಡಿದು ನಿಂತವರ ಮುಖದ ಮೇಲೆ.

ಇದನ್ನು ಕಲಿಯಲು ನನಗೆ ಅವಕಾಶ ಹಿಂದೆಯೇ ಇತ್ತು ಎಂಬುದನ್ನು ಒಪ್ಪಿಕೊಳ್ಳಬೇಕು. ಎಂಬತ್ತರ ದಶಕದ ಕೊನೆಯಲ್ಲಿ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವು ಉಪಗ್ರಹದ ಮೂಲಕ ಜಿಲ್ಲೆಗಳನ್ನು ಜೋಡಿಸುವ ನಿಕ್‌ನೆಟ್ ಜಾಲವನ್ನು ಕಟ್ಟಿತು. ಜಿಲ್ಲಾ ಕಚೇರಿಗಳಲ್ಲಿ ಅದಕ್ಕೊಂದು ಕೋಣೆ, ಕೋಣೆಗೆ ಹವಾನಿಯಂತ್ರಣ, ಹೊರಗೆ ಚಪ್ಪಲಿ ಬಿಡಬೇಕು. ಗರ್ಭಗುಡಿಯಲ್ಲಿ ಇದ್ದದ್ದು ಹಸಿರು ಅಥವಾ ಬಿಳಿ ಅಕ್ಷರಗಳ ಇಂಥದೇ ಕಪ್ಪು ಪರದೆ. ನಾನು ಅಲ್ಲಿಗೆ ಹೋಗುತ್ತಿದ್ದೆ, ಆಪರೇಟರ್ ಕುರ್ಚಿ ಕೊಡುತ್ತಿದ್ದರು, ಬೇಕಾದ ತಃಖ್ತೆ ಮುದ್ರಿತವಾಗಿ ಬರುತ್ತಿತ್ತು. ಕೀಲಿಮಣೆಯನ್ನು ಮುಟ್ಟುವುದು ಅಧಿಕಾರಿಯ ಘನತೆಗೆ ತಕ್ಕುದಲ್ಲವೆಂಬ ಭಾವನೆ ಆಗ ನನ್ನಂಥವರಲ್ಲಿ ಗಾಢವಾಗಿತ್ತು. ಆಮೇಲೆ ಮೌಸ್ ಬಂತು, ಕಿಟಕಿಗಳು ಬಂದವು, ಎಲ್ಲರೂ ಕಂಪ್ಯೂಟರ್ ಬಲ್ಲವರೇ ಆದೆವು.

ಈ ಭಾಷೆ ಯಾಕಿಷ್ಟು ಮೊಟಕು ಎಂಬುದು ನನ್ನ ಮೊದಲ ಪ್ರಶ್ನೆಯಾಗಿತ್ತು. ಪಟ್ಟಿ ಬೇಕಾದರೆ ‘ಎಲ್‌ಎಸ್’, ನಕಲಿಗೆ ‘ಸಿಪಿ’, ಸ್ಥಳಾಂತರಕ್ಕೆ ‘ಎಂವಿ’, ಅಳಿಸಲು ‘ಆರ್‌ಎಂ’. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್ ವ್ಯವಸ್ಥೆಯನ್ನು ಕಟ್ಟತೊಡಗಿದಾಗ ಆಜ್ಞೆ ಬರೆಯುತ್ತಿದ್ದದ್ದು ಪರದೆಯ ಮೇಲಲ್ಲ. ಕಾಗದದ ಮೇಲೆ ಖಟಖಟನೆ ಬಡಿಯುವ ಟೆಲಿಟೈಪ್ ಯಂತ್ರ ಇತ್ತು. ಅದರ ಪ್ರಸಿದ್ಧ ಮಾದರಿಯ ವೇಗ ಸೆಕೆಂಡಿಗೆ 10 ಅಕ್ಷರ. ಪ್ರತಿ ಅಕ್ಷರಕ್ಕೂ ಬೆಲೆಯಿದ್ದಾಗ ಮಾತು ಮೊಟಕಾಗುತ್ತದೆ. 2013ರ ಜುಲೈವರೆಗೆ ನಮ್ಮಲ್ಲಿ ತಂತಿ ಸೇವೆ ಇತ್ತು. ಪದಕ್ಕಿಷ್ಟು ಕಾಸೆಂದು ಎಣಿಸಿ ‘ತಾಯಿ ಅಸ್ವಸ್ಥ ಹೊರಟು ಬಾ’ ಎಂದು ಬರೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸ್ ತಿರುಳು ಅದೇ ಮನೆತನದ್ದು. ನಮ್ಮ ಕೈಯ ಆಂಡ್ರಾಯ್ಡ್ ಫೋನಿನ ಒಳಗೂ ಅದೇ ಇದೆ.

‘ನಾನೀಗ ಎಲ್ಲಿದ್ದೇನೆ’ ಎಂದು ಕೇಳುವ ಆಜ್ಞೆ ‘ಪಿಡಬ್ಲ್ಯುಡಿ’. ಲೋಕೋಪಯೋಗಿ ಇಲಾಖೆಯ ಹೆಸರು ಇಲ್ಲಿಯೂ ಬೆನ್ನು ಬಿಡಲಿಲ್ಲವಲ್ಲ ಎಂದು ನಕ್ಕೆ. ಈ ಪಿಡಬ್ಲ್ಯುಡಿ ಮಾತ್ರ ಕೇಳಿದ ತಕ್ಷಣ ರಸ್ತೆ ತೋರಿಸುತ್ತದೆ. ಆ ರಸ್ತೆಯ ಬರಹವನ್ನು ಕಂಡಾಗ ನನಗೆ ಮೊದಲ ಬಾರಿ ಧೈರ್ಯ ಬಂದಿತು. ಓರೆಗೆರೆ ಹಾಕಿ ಒಂದರೊಳಗೊಂದು ಬರೆಯುತ್ತಾ ಹೋಗುವ ಕ್ರಮ ಕಂದಾಯದವನಿಗೆ ತಾಯಿನುಡಿ: ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ. ಮೈಸೂರು, ತಿ.ನರಸೀಪುರ, ತಲಕಾಡು ಎಂದು ಒಂದೊಂದೇ ಮೆಟ್ಟಿಲಿಳಿದು 112ರ 2ನೇ ಹಿಸ್ಸೆಗೆ ಹೋಗಿ ನಿಲ್ಲುವುದು ನಮಗೆ ನಿದ್ದೆಯಲ್ಲೂ ಬರುತ್ತದೆ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ ಕೂಡ ಶಾಸನಗಳನ್ನು ತಾಲ್ಲೂಕು ಮತ್ತು ಸಂಖ್ಯೆಯಿಂದಲೇ ಗುರುತಿಸುತ್ತದೆ. ವಸ್ತು ಎಲ್ಲಿದೆಯೆಂದು ನಿಖರವಾಗಿ ಹೇಳಬಲ್ಲವನಿಗೇ ಅದು ಸಿಗುವುದು.

ಕೆಲಸ ಸರಿಯಾಗಿ ಆದರೆ ಈ ವ್ಯವಸ್ಥೆ ಏನನ್ನೂ ಹೇಳುವುದಿಲ್ಲ. ತಪ್ಪಿದಾಗಷ್ಟೇ ಮಾತು. ಮೊದಮೊದಲು ನಕಲು ಮಾಡಲು ಹೇಳಿ, ಅದರ ಮೌನ ಕಂಡು, ಆಗಲಿಲ್ಲವೆಂದು ಭಾವಿಸಿ ಮೂರು ಮೂರು ಸಲ ಅದೇ ಆಜ್ಞೆಯನ್ನು ಕೊಟ್ಟಿದ್ದೇನೆ. ‘ತಮ್ಮ ಆದೇಶದಂತೆ ಕ್ರಮ ಜರುಗಿಸಲಾಗಿದೆ, ಸಾದರ ಅವಗಾಹನೆಗೆ’ ಎಂಬ ಟಿಪ್ಪಣಿ ಓದಿ ಬೆಳೆದವನಿಗೆ ಈ ಮೌನವನ್ನು ನಂಬಲು ಎರಡು ವಾರ ಬೇಕಾಯಿತು.

ಇನ್ನೊಂದು ಸಂಗತಿ ಅರ್ಥಶಾಸ್ತ್ರದ ಹಳೆಯ ವಿದ್ಯಾರ್ಥಿಯಾದ ನನಗೆ ಖುಷಿ ಕೊಟ್ಟಿತು. ಇಲ್ಲಿನ ಒಂದೊಂದು ಸಲಕರಣೆಯೂ ಒಂದೊಂದೇ ಕೆಲಸ ಮಾಡುತ್ತದೆ. ಒಂದು ಹುಡುಕುತ್ತದೆ, ಒಂದು ಅನುಕ್ರಮವಾಗಿ ಜೋಡಿಸುತ್ತದೆ, ಒಂದು ಎಣಿಸುತ್ತದೆ. ನಿಂತ ಗೆರೆಯೊಂದನ್ನು ನಡುವೆ ಎಳೆದರೆ ಮೊದಲನೆಯದರ ಫಲ ಎರಡನೆಯದಕ್ಕೆ ಹರಿದು ಹೋಗುತ್ತದೆ. ಡಗ್ಲಸ್ ಮೆಕಿಲ್‌ರಾಯ್ ಎಂಬವರ ಒತ್ತಾಸೆಯಿಂದ 1973ರಲ್ಲಿ ಯುನಿಕ್ಸಿಗೆ ಸೇರಿದ ಈ ‘ಕೊಳವೆ’ಯನ್ನು ಕಂಡಾಗ ಆಡಂ ಸ್ಮಿತ್ 1776ರಲ್ಲಿ ವರ್ಣಿಸಿದ ಗುಂಡುಸೂಜಿ ಕಾರ್ಖಾನೆ ನೆನಪಾಯಿತು: ಒಬ್ಬ ತಂತಿ ಎಳೆಯುತ್ತಾನೆ, ಒಬ್ಬ ನೇರ ಮಾಡುತ್ತಾನೆ, ಒಬ್ಬ ಕತ್ತರಿಸುತ್ತಾನೆ. ನಮ್ಮ ಕಚೇರಿಗಳಲ್ಲಿಯೂ ಕಡತ ಹಾಗೆಯೇ ಕೈಯಿಂದ ಕೈಗೆ ಹೋಗುತ್ತದೆ. ಆದರೆ ಅಲ್ಲಿ ಕೊಳವೆ ಆಗಾಗ ಕಟ್ಟಿಕೊಳ್ಳುತ್ತದೆ. ಯಾಕೆಂದು ಓದುಗರಿಗೆ ಗೊತ್ತು.

ಈಗ ಕೌಂಟರಿನ ವಿಷಯಕ್ಕೆ ಬರುತ್ತೇನೆ.

ನಾನು ಉಪವಿಭಾಗಾಧಿಕಾರಿಯಾಗಿದ್ದ ಒಂದು ಕಡೆ, 2002ರ ಸುಮಾರಿಗೆ, ವಯಸ್ಸಾದ ಹೆಂಗಸೊಬ್ಬರು ಕಚೇರಿಗೆ ಬರುತ್ತಿದ್ದರು. ಕೈಬರಹದ ಹಳೆಯ ಪಹಣಿಯಲ್ಲಿ ಅವರ ಹೆಸರು ಮಾದಮ್ಮ. ಕಂಪ್ಯೂಟರಿನಿಂದ ಹೊರಬಂದ ಹೊಸ ಪಹಣಿಯಲ್ಲಿ ಮಹದೇವಮ್ಮ. ಯಾರೋ ವಿದ್ಯಾವಂತರು, ನಮೂದಿಸುವಾಗ, ಅದನ್ನು ‘ಶುದ್ಧ’ಗೊಳಿಸಿದ್ದರು. ಊರಿನವರಿಗೆಲ್ಲ ಇಬ್ಬರೂ ಒಬ್ಬರೇ. ಸಾಲ ಕೊಡುವ ಸಂಘಕ್ಕೆ ಮಾತ್ರ ಇಬ್ಬರು. ಆಕೆ ನನ್ನ ಮುಂದೆ ನಿಂತು, ‘ಬುದ್ಧಿ, ನನ್ ಹೆಸ್ರು ನಂಗೆ ಕೊಡ್ಸಿ’ ಎಂದರು. ನಾನು ಹೇಳಿದ್ದು, ಇಂದಿಗೂ ನೆನಪಿದೆ: ‘ಸರಿಯಾದ ನಮೂನೆಯಲ್ಲಿ ಅರ್ಜಿ ಕೊಡಿ, ತಹಶೀಲ್ದಾರರ ಮೂಲಕ ಬರಲಿ.’ ನಿಯಮದ ಪ್ರಕಾರ ನಾನು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಸರಿಯಾದ ನಮೂನೆ ಯಾವುದು, ಅದಕ್ಕೆ ಏನು ಹೆಸರು, ಅದರ ಜೊತೆ ಏನೇನು ಲಗತ್ತಿಸಬೇಕು ಎಂಬುದನ್ನು ನಾನು ಹೇಳಲಿಲ್ಲ. ಆಕೆಗೆ ಕೇಳಲು ಬರಲಿಲ್ಲ. ಪೋಡಿ, ಹದ್ದುಬಸ್ತು, ಪೌತಿ ಖಾತೆ, ಮ್ಯುಟೇಷನ್ ಎಂಬ ಪದಗಳನ್ನು ಬಲ್ಲವನ ಕೆಲಸ ಆಗುತ್ತದೆ. ‘ನನ್ ಹೆಸ್ರು ನಂಗೆ ಕೊಡ್ಸಿ’ ಎನ್ನುವವರಿಗೆ ‘ಕಮಾಂಡ್ ನಾಟ್ ಫೌಂಡ್’.

ಆಕೆಯ ತಿದ್ದುಪಡಿ ಆಗುವಷ್ಟರಲ್ಲಿ ನನಗೆ ವರ್ಗವಾಗಿತ್ತು. ಆಯಿತೋ ಇಲ್ಲವೋ ಎಂದು ನಾನು ವಿಚಾರಿಸಲಿಲ್ಲ.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಯಂತ್ರಕ್ಕೂ ಕಚೇರಿಗೂ ಒಂದು ದೊಡ್ಡ ವ್ಯತ್ಯಾಸವಿದೆ: ಯಂತ್ರ ತನ್ನ ನಿಯಮಪುಸ್ತಕವನ್ನು ಮುಚ್ಚಿಡುವುದಿಲ್ಲ. ‘ಮ್ಯಾನ್’ ಎಂದು ಬರೆದು ಮುಂದೆ ಆಜ್ಞೆಯ ಹೆಸರನ್ನು ಬರೆದರೆ ಅದರ ಕೈಪಿಡಿ ಅಲ್ಲೇ ತೆರೆದುಕೊಳ್ಳುತ್ತದೆ. ಯುನಿಕ್ಸ್ ಕೈಪಿಡಿಯ ಮೊದಲ ಆವೃತ್ತಿ ಬಂದದ್ದು 1971ರ ನವೆಂಬರಿನಲ್ಲಿ. ಭಾಷೆ 1964ರ ನಮ್ಮ ಭೂಕಂದಾಯ ಕಾಯ್ದೆಯಷ್ಟೇ ಒಣ. ಆದರೆ ಅದರ ಪುಟಗಳ ಕೊನೆಯಲ್ಲಿ ‘ಬಗ್ಸ್’ ಎಂಬ ಶೀರ್ಷಿಕೆ ಇರುತ್ತದೆ. ಈ ಸಲಕರಣೆಯಲ್ಲಿ ಇಂಥ ದೋಷವಿದೆ, ಇಂಥಲ್ಲಿ ಇದು ತಪ್ಪುತ್ತದೆ ಎಂದು ಬರೆದವರೇ ಒಪ್ಪಿಕೊಂಡಿರುತ್ತಾರೆ. ಮೂರು ದಶಕಗಳಲ್ಲಿ ನಾನು ಓದಿದ ಸಾವಿರಾರು ಸುತ್ತೋಲೆಗಳ ಪೈಕಿ ಕೊನೆಯಲ್ಲಿ ತನ್ನ ದೋಷಗಳನ್ನು ಪಟ್ಟಿ ಮಾಡಿದ ಒಂದೇ ಒಂದು ಸುತ್ತೋಲೆ ನನಗೆ ನೆನಪಿಲ್ಲ. ನಾನು ಹೊರಡಿಸಿದವೂ ಅದಕ್ಕೆ ಹೊರತಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ‘ಭೂಮಿ’ ಯೋಜನೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ, 67 ಲಕ್ಷ ಹಿಡುವಳಿದಾರರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿ, 2001ರ ಹೊತ್ತಿಗೆ 15 ರೂಪಾಯಿಗೆ ಯಾರು ಬೇಕಾದರೂ ಪಡೆಯುವಂತೆ ಮಾಡಿದ್ದು ಈ ರಾಜ್ಯದ ಆಡಳಿತದ ದೊಡ್ಡ ಸಾಧನೆಗಳಲ್ಲೊಂದು. ಪಹಣಿಗಾಗಿ ಲೆಕ್ಕಿಗರ ಮನೆ ಬಾಗಿಲು ಕಾಯುವುದು ನಿಂತಿತು. ಆದರೆ ಕೌಂಟರಿನಲ್ಲಿ ಹೊಸದೊಂದು ವಾಕ್ಯ ಹುಟ್ಟಿತು: ‘ಸಾಫ್ಟ್‌ವೇರ್‌ನಲ್ಲಿ ಆಪ್ಷನ್ ಇಲ್ಲ.’ ಹಿಂದೆ ‘ನಿಯಮದಲ್ಲಿ ಅವಕಾಶವಿಲ್ಲ’ ಎಂದಾಗ ಯಾವ ನಿಯಮ, ತೋರಿಸಿ ಎಂದು ಕೇಳಬಹುದಿತ್ತು. ಆಪ್ಷನ್ ಇಲ್ಲವೆಂದರೆ ಮಳೆ ಬಂದಿಲ್ಲವೆಂದಷ್ಟೇ ಸಹಜವಾಗಿ ಕೇಳಿಸುತ್ತದೆ. ಅಧಿಕಾರಿಯೂ ಅದನ್ನು ನಂಬುತ್ತಾನೆ. ಮೌಸ್ ಹಿಡಿದು ಕಲಿತ ನಾವೆಲ್ಲ ಪರದೆಯ ಮೇಲೆ ಕಂಡದ್ದನ್ನು ಮಾತ್ರ ಕೇಳಲು ಕಲಿತವರು. ಕಪ್ಪು ಪರದೆಯ ಮುಂದೆ ನಾಲ್ಕು ವಾರ ಕೂತ ಮೇಲೆ ನನಗೆ ತಿಳಿದದ್ದು: ಗುಂಡಿ ಎಂಬುದು ಯಾರೋ ಒಬ್ಬರು ಮೊದಲೇ ಬರೆದಿಟ್ಟ ಆಜ್ಞೆ. ಗುಂಡಿ ಇಲ್ಲವೆಂದರೆ ಆ ಆಜ್ಞೆಯನ್ನು ಬರೆಯಲು ಯಾರೂ ಹೇಳಿಲ್ಲವೆಂದು ಅರ್ಥ. ಹೇಳಬೇಕಾದವನು ನನ್ನ ಕುರ್ಚಿಯಲ್ಲಿ ಕೂತಿದ್ದವನು.

ಆದ್ದರಿಂದ ಹೊಸದಾಗಿ ಸೇವೆಗೆ ಸೇರುವ ಅಧಿಕಾರಿಗಳ ತರಬೇತಿಯಲ್ಲಿ ಒಂದು ವಾರವನ್ನಾದರೂ ಇದಕ್ಕೆ ಮೀಸಲಿಡಬೇಕೆಂಬುದು ನನ್ನ ಅಭಿಪ್ರಾಯ. ಅವರು ತಂತ್ರಜ್ಞರಾಗಬೇಕಾಗಿಲ್ಲ. ಒಂದು ಹೆಸರಿನ ಪಟ್ಟಿಯನ್ನು ತಾವೇ ಹುಡುಕಿ, ಜೋಡಿಸಿ, ಎಣಿಸುವಷ್ಟು ಬಂದರೆ ಸಾಕು. ಆಪ್ಷನ್ ಇಲ್ಲವೆಂಬ ಉತ್ತರವನ್ನು ಅವರು ಅಷ್ಟು ಸುಲಭವಾಗಿ ಸಹಿ ಮಾಡಿ ಕೆಳಗೆ ಕಳಿಸುವುದಿಲ್ಲ. ಶಾಲೆಗಳ ವಿಷಯದಲ್ಲಿ ದಾರಿ ಆಗಲೇ ಇದೆ. 2011ರಲ್ಲಿ ನಮ್ಮ ಶಿಕ್ಷಣ ಇಲಾಖೆಯು ‘ಐಟಿ ಫಾರ್ ಚೇಂಜ್’ ಸಂಸ್ಥೆಯೊಂದಿಗೆ ಆರಂಭಿಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಎಂಬ ಮುಕ್ತ ವ್ಯವಸ್ಥೆಯ ಮೇಲೆಯೇ ಕಲಿತರು. ಕೇರಳವಂತೂ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ತಿರುಗಿಸಿಕೊಂಡಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಬಲ್ಲರು, ತಲಕಾಡಿನ ಮಕ್ಕಳಿಗೆ ಅದರ ಹೆಸರು ಹೊಸದು. ಈ ಆಜ್ಞೆಗಳು ಇಂಗ್ಲಿಷಿನಲ್ಲಿವೆ, ಹಳ್ಳಿಯ ಮಕ್ಕಳಿಗೆ ಕಷ್ಟ ಎನ್ನುವವರಿದ್ದಾರೆ. ‘ಗ್ರೆಪ್’ ಯಾವ ಊರಿನ ಇಂಗ್ಲಿಷ್? ಕಾನ್ವೆಂಟಿನ ಮಗುವಿಗೂ ಅದು ಅಷ್ಟೇ ಅಪರಿಚಿತ. ನನಗೆ ಕಂಡಂತೆ ಇಷ್ಟು ಸಮಾನವಾದ ಪಠ್ಯ ಇನ್ನೊಂದಿಲ್ಲ.

ನಾನು ಇದನ್ನು ಕಲಿಯಲು ಕೂತದ್ದು ಮಾತ್ರ ಇಂಥ ಯಾವ ಸಾರ್ವಜನಿಕ ಉದ್ದೇಶದಿಂದಲೂ ಅಲ್ಲ. ನಮ್ಮ ತಂದೆ ಶಾನುಭೋಗರಾಗಿದ್ದರು. 1961ರ ಕಾಯ್ದೆಯು ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ ಮೇಲೆ ಅವರ ಬಳಿ ಉಳಿದದ್ದು ತಮ್ಮ ಸ್ವಂತದ ದಿನವಹಿಗಳು: ಯಾರ ಮನೆಯಲ್ಲಿ ಮದುವೆ, ಯಾರಿಂದ ಎಷ್ಟು ಕೊಳಗ ರಾಗಿ ತಂದದ್ದು, ಹೊಳೆ ಎಲ್ಲಿಯವರೆಗೆ ಬಂತು, ಯಾವ ಹೊಲಕ್ಕೆ ಮರಳು ಏರಿತು. ಅವುಗಳಿಗೆ ಗೆದ್ದಲು ಹತ್ತಿದ್ದನ್ನು ಕಂಡು, ಇನ್ನೂ ಸೇವೆಯಲ್ಲಿದ್ದಾಗಲೇ, ರಾತ್ರಿ ಹೊತ್ತು ಕೂತು ಕೈಲಾದಷ್ಟನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದೆ. ಮೂಲ ಪುಸ್ತಕಗಳು ಈಗಿಲ್ಲ.

ಟೈಪ್ ಮಾಡಿದ್ದು ಕನ್ನಡ ಗಣಕ ಪರಿಷತ್ತಿನ ನುಡಿಯ ಆ ಕಾಲದ ಆವೃತ್ತಿಯಲ್ಲಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದ ಪರಂಪರೆಗೆ ಸೇರಿದ ನುಡಿ ನಮ್ಮಂಥವರಿಗೆ ಕನ್ನಡದಲ್ಲಿ ಬರೆಯುವ ಧೈರ್ಯ ಕೊಟ್ಟಿತು. ಆ ಋಣ ದೊಡ್ಡದು. ಆದರೆ ಅಂದಿನ ಕಡತಗಳಲ್ಲಿ ಕನ್ನಡ ಇದ್ದದ್ದು ಅಕ್ಷರಶೈಲಿಯ ತೋರಿಕೆಯಲ್ಲಿ ಮಾತ್ರ. ಒಳಗೆ ಇದ್ದದ್ದು ಇಂಗ್ಲಿಷಿನ ಅಕ್ಷರ ಸಂಕೇತಗಳು. ಆ ಫಾಂಟ್ ಇಲ್ಲದ ಹೊಸ ಯಂತ್ರದಲ್ಲಿ ತೆರೆದಾಗ ಅಪ್ಪನ ದಿನವಹಿಯ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಂಡಿತು. ನುಡಿಯ ಮುಂದಿನ ಆವೃತ್ತಿಗಳು ಯೂನಿಕೋಡಿಗೆ ತಿರುಗಿದವು; ಹಳೆಯ ಕಡತಗಳನ್ನು ಬದಲಿಸುವ ತಂತ್ರಾಂಶಗಳನ್ನೂ ಕನ್ನಡದ ಉತ್ಸಾಹಿಗಳು ಬರೆದು ಉಚಿತವಾಗಿ ಹಂಚಿದ್ದಾರೆ. ನಲವತ್ತಮೂರು ಕಡತಗಳನ್ನು ಒಂದೊಂದಾಗಿ ತೆರೆದು ಬದಲಿಸುವ ಬದಲು ಒಂದೇ ಸಾಲಿನ ಆಜ್ಞೆಯಿಂದ ಬದಲಿಸಬಹುದೆಂದು ಹುಡುಗಿ ತೋರಿಸಿದಳು. ಎರಡು ಸೆಕೆಂಡು ಕೂಡ ಆಗಲಿಲ್ಲ. ‘ಕೊಳಗ’ ಎಂಬ ಪದ ಕನ್ನಡದಲ್ಲಿ ಮತ್ತೆ ಕಂಡಾಗ ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಅದೇ ಸಂಜೆ, ಸುಮ್ಮನೆ ಆಟಕ್ಕೆಂದು, ‘ತಲಕಾಡು’ ಎಂದು ಬರೆದು ಅದನ್ನು ಎಣಿಸುವ ಸಲಕರಣೆಗೆ ಹರಿಸಿದೆ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಯಂತ್ರ 19 ಎಂದಿತು. ತಪ್ಪು ಎಂದೆ. ತಪ್ಪಲ್ಲವಂತೆ. ಯೂನಿಕೋಡಿನಲ್ಲಿ ತ, ಲ, ಕ, ದೀರ್ಘದ ಚಿಹ್ನೆ, ಡ, ಕೊಂಬು ಎಂದು ಆರು ಘಟಕಗಳು. ಪ್ರತಿಯೊಂದಕ್ಕೂ ಮೂರು ಬೈಟ್. ಸಾಲಿನ ಕೊನೆಗೆ ಒಂದು. ರೋಮನ್ ಲಿಪಿಯಲ್ಲಿ ಬರೆದ ಅದೇ ತಲಕಾಡಿಗೆ 9 ಸಾಕು. ಹೀಗೆ ಶೇಖರಿಸುವ ಯುಟಿಎಫ್-8 ಎಂಬ ಕ್ರಮವನ್ನು 1992ರಲ್ಲಿ ರೂಪಿಸಿದವರಲ್ಲಿ ಒಬ್ಬರು, ಯುನಿಕ್ಸ್ ಕಟ್ಟಿದ ಅದೇ ಕೆನ್ ಥಾಂಪ್ಸನ್. ಅಕ್ಷರಗಳನ್ನು ಒಳಗೆ ಸರಿಯಾಗಿ ಇಟ್ಟುಕೊಂಡರೂ ಕಪ್ಪು ಪರದೆ ಅವುಗಳನ್ನು ತೋರಿಸುವಾಗ ಎಡವುತ್ತದೆ. ಸಮನಾದ ಚೌಕಗಳಲ್ಲಿ ಒಂದೊಂದು ಅಕ್ಷರ ಕೂರಿಸುವ ಟೆಲಿಟೈಪಿನ ಕಾಲದ ಅಭ್ಯಾಸ ಅದರದು. ನಮ್ಮ ಒತ್ತಕ್ಷರಗಳು ಆ ಚೌಕಕ್ಕೆ ಒಗ್ಗದೆ ಚೆದುರಿ ಬೀಳುತ್ತವೆ. ಇದು ಕನ್ನಡದ ತಂತ್ರಜ್ಞರು ಕೈಹಾಕಬೇಕಾದ ಕೆಲಸ.

ಇನ್ನು ನನ್ನ ತಪ್ಪಿನ ಕಥೆ.

ಪಹಣಿ ಓದಿದವರಿಗೆ ಗೊತ್ತು, ಸರ್ವೆ ನಂಬರಿಗೂ ಹಿಸ್ಸಾ ನಂಬರಿಗೂ ನಡುವೆ ಒಂದು ನಕ್ಷತ್ರ ಇರುತ್ತದೆ. ಅಲ್ಲಿ ನಮೂದಿಸಬೇಕಾದದ್ದು ಏನೂ ಇಲ್ಲವೆಂದು ಅದರ ಅರ್ಥ. ಇಪ್ಪತ್ತು ವರ್ಷ ಆ ನಕ್ಷತ್ರವನ್ನು ಕಂಡು ಕಣ್ಣು ಅದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಯುನಿಕ್ಸಿನಲ್ಲಿ ನಕ್ಷತ್ರ ಎಂದರೆ ‘ಎಲ್ಲವೂ’. ಮೂರು ತಿಂಗಳು ಕೂತು ಬದಲಿಸಿದ ಕಡತಗಳ ಕಾಗುಣಿತ ತಿದ್ದಿದ್ದೆ. ಪ್ರತಿಯೊಂದಕ್ಕೂ ‘ಹಳೆ’ ಎಂದು ಆರಂಭವಾಗುವ ಹೆಸರಿನ ಒಂದು ತಿದ್ದದ ಪ್ರತಿ ಇತ್ತು. ಅವನ್ನು ತೆಗೆದುಹಾಕಲು, ಅಳಿಸುವ ಆಜ್ಞೆ ಬರೆದು, ‘ಹಳೆ’ ಎಂದು ಬರೆದು, ನಕ್ಷತ್ರ ಹಾಕಿ, ಎಂಟರ್ ಒತ್ತಿದೆ. ‘ಹಳೆ’ಗೂ ನಕ್ಷತ್ರಕ್ಕೂ ನಡುವೆ ಒಂದು ತೆರಪು ಬಿದ್ದಿತ್ತು. ಅಂಟಿಸಿ ಬರೆದಿದ್ದರೆ ‘ಹಳೆ’ಯಿಂದ ಆರಂಭವಾಗುವವು ಎಂದರ್ಥ. ತೆರಪು ಬಿಟ್ಟರೆ ‘ಹಳೆ’ ಎಂಬ ಕಡತ, ಮತ್ತು ಎಲ್ಲವೂ.

ಯಂತ್ರ ಒಂದೇ ಸಾಲು ಉತ್ತರಿಸಿತು: ‘ಹಳೆ’ ಎಂಬ ಹೆಸರಿನ ಕಡತ ಇಲ್ಲವೆಂದು. ಉಳಿದ ಎಲ್ಲವನ್ನೂ ಅಳಿಸಿದ ವಿಷಯವಾಗಿ ಅದು ಮೌನವಾಗಿತ್ತು. ಕೆಲಸ ಸರಿಯಾಗಿ ಆದಾಗ ಅದು ಮಾತಾಡುವುದಿಲ್ಲವಲ್ಲ. ಇಲ್ಲಿ ಕಸದ ಬುಟ್ಟಿಯೂ ಇಲ್ಲ.

ಕಚೇರಿಯಲ್ಲಿ ನಾನು ಇಂಥ ಆದೇಶ ಬರೆದಿದ್ದರೆ ಏನಾಗುತ್ತಿತ್ತು? ಶಿರಸ್ತೇದಾರರು ಕಡತ ಹಿಡಿದು ಬಂದು, ಕೆಮ್ಮಿ, ‘ಸಾರ್, ಇದೊಂದು ಸಲ ನೋಡಿಬಿಡಿ’ ಎನ್ನುತ್ತಿದ್ದರು. ನಾನು ನೋಡುತ್ತಿದ್ದೆ, ಹೊಡೆದುಹಾಕುತ್ತಿದ್ದೆ, ಅವರೂ ನಾನೂ ಆ ಬಗ್ಗೆ ಮತ್ತೆ ಮಾತಾಡುತ್ತಿರಲಿಲ್ಲ. ಎಷ್ಟು ಸಲ ಹೀಗೆ ಆಗಿದೆಯೆಂದು ಲೆಕ್ಕವಿಟ್ಟಿಲ್ಲ. ಓದದೆ ಸಹಿ ಮಾಡಿದ ಕಾಗದಗಳಲ್ಲಿ ಯಾರೂ ಕೆಮ್ಮದೆ ಹೋದವು ಎಷ್ಟು, ಅದನ್ನೂ ಇಟ್ಟಿಲ್ಲ.

ಫೋನ್ ಮಾಡಿದಾಗ ಹುಡುಗಿ ಬೈಯಲಿಲ್ಲ. ‘ತಾತ, ಅದನ್ನ ಮುಟ್ಟಬೇಡಿ, ಆಫ್ ಮಾಡಿ ಇಡಿ, ಭಾನುವಾರ ಬರ್ತೀನಿ’ ಎಂದಳು. ಅಳಿಸುವ ಆಜ್ಞೆ ಕಡತದ ಹೆಸರನ್ನಷ್ಟೇ ಕಿತ್ತುಹಾಕುತ್ತದೆ; ಬರಹ, ಅದರ ಮೇಲೆ ಬೇರೆಯದು ಬಂದು ಕೂರುವವರೆಗೆ, ಡಿಸ್ಕಿನಲ್ಲೇ ಉಳಿದಿರುತ್ತದೆ ಎಂದು ವಿವರಿಸಿದಳು. ನಮ್ಮದು ಹಳೆಯ ಕಾಲದ ತಿರುಗುವ ಡಿಸ್ಕ್ ಆದದ್ದು ಪುಣ್ಯ. ಹೊಸ ಮಾದರಿಯದಾಗಿದ್ದರೆ ಆಸೆ ಕಡಿಮೆಯಂತೆ.

ಭಾನುವಾರದವರೆಗೆ ಮನೆಯಲ್ಲಿ ಕೂರಲಾಗದೆ ದೇವಸ್ಥಾನಗಳ ಕಡೆ ನಡೆದೆ. ಇಲ್ಲಿನ ಮರಳಿಗೆ ಅಲಮೇಲಮ್ಮನ ಶಾಪ ಕಾರಣವೆಂದು ಊರು ಹೇಳುತ್ತದೆ. ಕಾವೇರಿಯ ತಿರುವು, ಗಾಳಿ, ಮಾಧವಮಂತ್ರಿ ಅಣೆಕಟ್ಟು ಎಂದು ವಿದ್ವಾಂಸರು ಹೇಳುತ್ತಾರೆ. ಗಂಗರ ರಾಜಧಾನಿ, ಚೋಳರ ವಶವಾದ ನಗರ, 1117ರಲ್ಲಿ ವಿಷ್ಣುವರ್ಧನ ಕೀರ್ತಿನಾರಾಯಣನನ್ನು ಪ್ರತಿಷ್ಠಾಪಿಸಿದ ಊರು ಎಲ್ಲವೂ ಆ ದಿಬ್ಬಗಳ ಅಡಿಯಲ್ಲಿದೆ. ಪಾತಾಳೇಶ್ವರನನ್ನು ನೋಡಲು ಮೆಟ್ಟಿಲಿಳಿದು ಹೋಗಬೇಕು. 2020ರ ಡಿಸೆಂಬರಿನ ಪಂಚಲಿಂಗ ದರ್ಶನದಂದು ಕೋವಿಡ್ಡಿನ ನಡುವೆಯೂ ಜನ ಇಳಿದಿದ್ದರು. ಅಂದು ನಾನೊಬ್ಬನೇ ಇಳಿದು ಸ್ವಲ್ಪ ಹೊತ್ತು ಕೂತಿದ್ದೆ. ದೇವರಲ್ಲಿ ಏನು ಕೇಳಿದೆನೆಂದು ಬರೆಯಲು ಸಂಕೋಚ.

ಭಾನುವಾರ ಆಕೆ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಫೋಟೋರೆಕ್ ಎಂಬ ತಂತ್ರಾಂಶವನ್ನು ಓಡಿಸಿದಳು. ರಾತ್ರಿಯವರೆಗೆ ಅಗೆದು ಅದು ಸಾವಿರಾರು ತುಣುಕುಗಳನ್ನು ಮೇಲೆ ತಂದಿತು. ಒಂದಕ್ಕೂ ಹೆಸರಿಲ್ಲ, ಬರೀ ಸಂಖ್ಯೆಗಳು. ಮಗನ ಹಳೆಯ ಕಾಗದಪತ್ರ, ಜಾಹೀರಾತು, ಯಂತ್ರದ ಸ್ವಂತ ಟಿಪ್ಪಣಿಗಳು, ಎಲ್ಲದರ ನಡುವೆ ಅಪ್ಪ ಎಲ್ಲೋ ಇದ್ದರು. ‘ಇದರಲ್ಲಿ ನಿಮ್ಮಪ್ಪನ್ನ ನೀವೇ ಗುರುತು ಹಿಡೀಬೇಕು ತಾತ’ ಎಂದು ಆಕೆ ಮೈಸೂರಿಗೆ ಬಸ್ ಹಿಡಿದಳು.

ಗ್ರೆಪ್ ಎಂಬುದು ಹುಡುಕುವ ಆಜ್ಞೆ. ಕೇಳಿದ್ದನ್ನು ಮಾತ್ರ, ಕೇಳಿದ ಹಾಗೆಯೇ ಇದ್ದರೆ ಮಾತ್ರ, ತಂದುಕೊಡುತ್ತದೆ. ಸಿದ್ಧಯ್ಯನನ್ನು ಕೇಳಿದರೆ ಸಿದ್ದಯ್ಯನನ್ನು ತರುವುದಿಲ್ಲ. ಒಂದು ಮಹಾಪ್ರಾಣದ ಅಂತರಕ್ಕೆ ಅವರಿಬ್ಬರೂ ಬೇರೆ ಜನ. ಆ ಯಂತ್ರದಲ್ಲಿ ಅಪ್ಪನ ಹೊರತು ಬೇರೆ ಯಾರೂ ಬಳಸದ ಪದ ಯಾವುದೆಂದು ಯೋಚಿಸಿದೆ. ‘ಕೊಳಗ’ ಎಂದು ಕೇಳಿದೆ. ಹದಿನೇಳು ಸಂಖ್ಯೆಗಳು ಬಂದವು. ‘ಖಂಡುಗ’ ಎಂದೆ, ಇನ್ನೂ ಆರು. ‘ಮರಳು ಏರಿತು’ ಎಂದೆ. ಹೀಗೆ ಹದಿನೈದು ದಿನಗಳಲ್ಲಿ ಮೂವತ್ತೊಂದು ಕಡತಗಳು ಸಿಕ್ಕಿ, ಅವುಗಳಿಗೆ ಮತ್ತೆ ಹೆಸರಿಟ್ಟು, ಎರಡು ಕಡೆ ಪ್ರತಿ ತೆಗೆದಿಟ್ಟಿದ್ದೇನೆ. ಈಗ ಅಳಿಸುವ ಮೊದಲು ಅದೇ ನಮೂನೆಯನ್ನು ಪಟ್ಟಿ ತೋರಿಸುವ ಆಜ್ಞೆಗೆ ಕೊಟ್ಟು, ಬಂದದ್ದನ್ನು ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ನನ್ನ ಹೆಂಡತಿಗೆ ಇದು ತಮಾಷೆ.

ಮೊನ್ನೆ ಒಂದು ಹೆಸರನ್ನು ಹುಡುಕಿದೆ. ನಮ್ಮ ಕಡೆ ಮಾದಪ್ಪನ ಹೆಸರಿಲ್ಲದ ಮನೆಯಿಲ್ಲವಾದ್ದರಿಂದ ಅಪ್ಪನ ದಿನವಹಿಯಲ್ಲೂ ಇದ್ದೇ ಇರುತ್ತದೆಂದು ಗೊತ್ತಿತ್ತು. ಹಲವು ರೂಪಗಳನ್ನು ಒಟ್ಟಿಗೆ ಕೊಟ್ಟು, ಇದಾದರೂ ಸರಿ ಅದಾದರೂ ಸರಿ ಎಂದು ಗ್ರೆಪ್ಪಿಗೆ ಹೇಳುವ ಕ್ರಮವೊಂದಿದೆ. ಕೈಪಿಡಿಯಲ್ಲಿ ನಾನೇ ಹುಡುಕಿಕೊಂಡೆ. ಮಾದಮ್ಮ, ಮಾದೇವಿ, ಮಹದೇವಮ್ಮ ಎಂದು ಕೊಟ್ಟೆ. ಹನ್ನೊಂದು ಸಾಲುಗಳು ಬಂದವು. ಮೂರು ಹೆಸರೂ ಇವೆ. ಮನೆಯ ಗುರುತು, ಹೊಲದ ಗುರುತು ನೋಡಿದರೆ ಮೂವರೂ ಒಬ್ಬರೇ. ಯಂತ್ರಕ್ಕೆ ಅದು ತಿಳಿಯದು, ಬರೆದ ಅಪ್ಪನಿಗೆ ತಿಳಿಸಬೇಕಾದ ಅಗತ್ಯವೇ ಇರಲಿಲ್ಲ. ಕೊನೆಯ ಸಾಲಿನಲ್ಲಿ ಆಕೆಯಿಂದ ಎರಡು ಕೊಳಗ ರಾಗಿ ತಂದದ್ದು ಬರೆದಿದೆ. ಹಿಂದಿರುಗಿಸಿದ ನಮೂದು ಈವರೆಗೆ ಸಿಕ್ಕ ಕಡತಗಳಲ್ಲಿ ಇಲ್ಲ. ಇನ್ನೂ ಹನ್ನೆರಡು ಸಿಗಬೇಕಿವೆ, ಹುಡುಕುತ್ತಿದ್ದೇನೆ.